ಫಿಲ್ಟರ್ ಬಂತು, ನಳ ಸೋರತೊಡಗಿತು

ದೌಲತಾಬಾದ್: ಅಡುಗೆಮನೆಯ ಗೋಡೆಗೆ ಹೊಸ ಫಿಲ್ಟರ್ ಏರಿದ ದಿನ ಮನೆಯಲ್ಲಿ ಸಣ್ಣ ಹಬ್ಬ. ಮೊದಲ ಲೋಟ ನೀರು ದೇವರ ಮುಂದೆ, ಎರಡನೆಯದು ಅಜ್ಜಿಗೆ. ಮರುದಿನ ಬೆಳಿಗ್ಗೆ ಕಸ ಹೊಡೆಯಲು ಹೋದವರ ಕಾಲಿಗೆ ತಣ್ಣಗೆ ನೀರು ತಾಗುತ್ತದೆ. ಗೋಡೆಯ ಮೇಲೊಂದು ಒದ್ದೆ ಗೆರೆ, ನೆಲದ ತಾಂಡೂರು ಕಲ್ಲಿನ ಮೇಲೆ ಅಂಗೈಯಗಲದ ಕಪ್ಪು ಕಲೆ. ನೀರು ತಾಗಿದ ಕಡೆ ಈ ಕಲ್ಲಿನ ಬಣ್ಣ ಗಾಢವಾಗುತ್ತದೆ. ಹಾಗಾಗಿ ಮನೆಯಲ್ಲಿ ಸೋರಿಕೆಯ ಸುದ್ದಿಯನ್ನು ಮೊದಲು ಹೇಳುವುದು ನೆಲವೇ.

"ಯಕ್ಕಾ, ಎರಡು ದಿನ ಹನಿ ಬೀಳ್ತದ, ಆಮ್ಯಾಲ ತಾನೇ ನಿಂದರ್ತದ" ಎಂಬುದು ಫಿಲ್ಟರ್ ಕೂಡಿಸಲು ಬಂದವರು ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ಹೇಳುವ ಮಾಮೂಲಿ ಮಾತು. ಗಡಸು ನೀರಿನ ಊರುಗಳಲ್ಲಿ ಈ ಮಾತು ಒಮ್ಮೊಮ್ಮೆ ನಿಜವೂ ಆಗುತ್ತದೆ. ಸುಣ್ಣ ಕಟ್ಟಿ ಸಂದು ಮುಚ್ಚಿಕೊಳ್ಳುತ್ತದೆ. ಆದರೆ ಸಂದು ಹಿಡಿದಿರುವುದು ಸುಣ್ಣ, ಜೋಡಣೆಯಲ್ಲ. ಯಾರಾದರೂ ನಳದ ಹಿಡಿಕೆಯನ್ನು ಸ್ವಲ್ಪ ಜೋರಾಗಿ ತಿರುಗಿಸಿದರೆ ಆ ಪದರ ಒಡೆದು ಮತ್ತೆ ಹನಿ ಶುರು. ನಳದ ಬುಡದಲ್ಲಿ ಬಿಳಿ ಮೀಸೆಯಂತೆ ಸುಣ್ಣ ಕಟ್ಟಿದ್ದರೆ ಅಲ್ಲಿ ಬಹಳ ದಿನದಿಂದ ನೀರು ಒಸರುತ್ತಿದೆ ಎಂದೇ ಅರ್ಥ.

ಒಂದು ಸೆಕೆಂಡಿಗೆ ಒಂದು ಹನಿ ಬಿದ್ದರೆ ಎಷ್ಟಾದೀತು ಎಂದು ಕೇಳುವವರಿದ್ದಾರೆ. ಲೆಕ್ಕ ಸುಲಭ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ದಿನಕ್ಕೆ 86,400 ಸೆಕೆಂಡು. ಅಂದರೆ ದಿನಕ್ಕೆ ನಾಲ್ಕು ಲೀಟರ್‌ಗೂ ಮೇಲೆ, ವರ್ಷಕ್ಕೆ ಒಂದೂವರೆ ಸಾವಿರ ಲೀಟರ್. ಕೊಡದ ಲೆಕ್ಕದಲ್ಲಿ ನೂರು ಕೊಡ ಎನ್ನಬಹುದು. ಬ್ಯಾಸಗಿಯಲ್ಲಿ ಬೋರ್‌ವೆಲ್ ಕೆಮ್ಮತೊಡಗಿದಾಗ ಆ ನೂರು ಕೊಡದ ಬೆಲೆ ಏನೆಂದು ಇಲ್ಲಿಯ ಹೆಣ್ಣುಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಮೂರು ಭಾಷೆಯ ನಳ

ವಿಕಾರಾಬಾದ್ ಜಿಲ್ಲೆಯ ಈ ಮಂಡಲ ಕೇಂದ್ರದಿಂದ ಗಡಿ ದೂರವಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಎಳೆದರು, ಬೀಗತನ ಹಾಗೇ ಉಳಿಯಿತು. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆಯ ಸೊಸೆಯಂದಿರು ಈ ಕಡೆ, ಈ ಕಡೆಯ ಮಗಳಂದಿರು ಆ ಕಡೆ.

ಇದರಿಂದ ಒಂದು ಪ್ರಾಯೋಗಿಕ ತೊಂದರೆಯೂ ಉಂಟು. ಮನೆಯೊಳಗೆ ಅದು 'ನಳ'. ತೆಲುಗಿನ ಅಂಗಡಿಯಲ್ಲಿ 'ನಲ್ಲಾ'. ಪೈಪು ಕೆಲಸದವರ ಬಾಯಲ್ಲಿ ದಖನಿ ಉರ್ದು. ಅಲ್ಲಿ ಎಳೆ ಕೊರೆದ ಭಾಗಕ್ಕೆ 'ಚೂಡಿ', ಬಿಗಿಯುವ ಸಾಧನಕ್ಕೆ 'ಪಾನಾ'. ಫಿಲ್ಟರ್ ಜೊತೆ ಬರುವ ಪುಸ್ತಿಕೆ ತೆರೆದರೆ ಇಂಗ್ಲಿಷು, ಹೆಚ್ಚೆಂದರೆ ಹಿಂದಿ. ಕನ್ನಡ ಓದುವ ತಾಯಿಗೆ ಚಿತ್ರ ನೋಡಿ ತಿಳಿದುಕೊಳ್ಳುವುದೇ ಗತಿ. ಆ ಚಿತ್ರದಲ್ಲೋ, ಬಾಣದ ಗುರುತು ಯಾವ ಕಡೆ ತಿರುಗಿಸಬೇಕೆಂದು ತೋರಿಸುತ್ತದೆಯೇ ಹೊರತು ಎಷ್ಟು ತಿರುಗಿಸಬೇಕೆಂದು ತೋರಿಸುವುದಿಲ್ಲ. ಮುಕ್ಕಾಲು ಪಾಲು ಸೋರಿಕೆ ಹುಟ್ಟುವುದು ಈ 'ಎಷ್ಟು' ಎಂಬಲ್ಲಿಯೇ.

ಮೊದಲು ನೀರು ಯಾವುದು ನೋಡಿ

ತಾಂಡೂರಿನಿಂದ ಶಹಾಬಾದ್‌ವರೆಗೆ ನೆಲದಡಿ ಸುಣ್ಣಕಲ್ಲಿನ ಪದರ ಹರಡಿದೆ. ಮನೆಗೆ ಹಾಸುಗಲ್ಲು, ಕಾರ್ಖಾನೆಗೆ ಸಿಮೆಂಟು ಕೊಡುವ ಅದೇ ಕಲ್ಲು ಬೋರ್‌ವೆಲ್ ನೀರಿಗೆ ಗಡಸುತನವನ್ನೂ ಕೊಡುತ್ತದೆ. ಬೇಳೆ ಬೇಯಲು ತಡ, ಸಾಬೂನಿಗೆ ನೊರೆ ಕಡಿಮೆ, ಪಾತ್ರೆ ತಳದಲ್ಲಿ ಬಿಳಿ ಪದರ. ತೊಗರಿ ನಾಡಿನವರಿಗೆ ಬೇಳೆ ಬೇಯದ ನೀರು ಎಂದರೆ ಸಿಟ್ಟು ಬರುವುದು ಸಹಜವೇ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರ್‌ಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದಲ್ಲಿ 2,000ದವರೆಗೆ ಸಹಿಸಿಕೊಳ್ಳಬಹುದು. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600. ಫ್ಲೋರೈಡ್‌ಗೆ 1 ಮತ್ತು 1.5. ತೆಲಂಗಾಣದಲ್ಲಿ 2016ರಲ್ಲಿ ಚಾಲನೆ ಪಡೆದ ಮಿಷನ್ ಭಗೀರಥ ಯೋಜನೆ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 100 ಲೀಟರ್ ಲೆಕ್ಕದಲ್ಲಿ ಶುದ್ಧೀಕರಿಸಿದ ನೀರು ಕೊಡುವ ಗುರಿಯೊಂದಿಗೆ ಬಂತು. ಗಡಿಯ ಆ ಕಡೆ 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನ ಲೆಕ್ಕ 55 ಲೀಟರ್. ನಳದಲ್ಲಿ ಬರುವ ಹೊಳೆ ನೀರನ್ನೂ ಬೋರ್‌ವೆಲ್ ನೀರನ್ನೂ ಒಂದೇ ಟಾಕಿಗೆ ಬಿಟ್ಟುಕೊಳ್ಳುವ ಮನೆಗಳಲ್ಲಿ ಎರಡರ ಗುಣವೂ ಕಲಸಿಹೋಗುತ್ತದೆ.

ಆದ್ದರಿಂದ ಎಲ್ಲರಿಗೂ ಆರ್‌ಒ ಬೇಕೆಂದೇನಿಲ್ಲ. ಲವಣಾಂಶ 500ರ ಒಳಗಿರುವ ಕಡೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. ಬರೀ ಹೊಳೆ ನೀರು ಬರುವ ಮನೆಗೆ ಯುವಿ ದೀಪದ ಯಂತ್ರವೋ, ಕ್ಯಾಂಡಲ್ ಫಿಲ್ಟರೋ ಸಾಕಾಗಬಹುದು. ಆರ್‌ಒದ ಜೀವಾಳವಾದ ಪೊರೆಯನ್ನು 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಬರುವಂತೆ ಮಾಡಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಬ್. ಉಪ್ಪು ನೀರನ್ನು ಸಿಹಿ ಮಾಡಲು ಹುಟ್ಟಿದ ಆ ಪೊರೆ ಈಗ ಒಲೆಯ ಪಕ್ಕದ ಗೋಡೆಗೆ ಬಂದು ನೇತಾಡುತ್ತಿದೆ. ಯಂತ್ರ ಯಾವುದೇ ಇರಲಿ, ಅದನ್ನು ನಳಕ್ಕೆ ಜೋಡಿಸುವ ಕಷ್ಟ ಮಾತ್ರ ಒಂದೇ.

ಜೋಡಣೆ ಎಲ್ಲಿ?

ಹಳೆ ಮನೆಗಳಲ್ಲಿ ಮೂತಿಗೆ ಚೂಡಿಯೇ ಇಲ್ಲದ ಹಿತ್ತಾಳೆ ನಳ ಇರುತ್ತದೆ. ಅದಕ್ಕೆ ರಬ್ಬರ್ ಬಾಯಿಯ ಜೋಡಣೆ ಸಿಕ್ಕಿಸಿ, ತಗಡಿನ ಪಟ್ಟಿ ಸುತ್ತಿ, ತಿರುಪು ಬಿಗಿಯುತ್ತಾರೆ. ಇದು ಅಗ್ಗ, ಎರಡು ನಿಮಿಷದ ಕೆಲಸ. ಆದರೆ ಹೆಚ್ಚು ನಂಬಬೇಡಿ. ಒಲೆಯ ಕಾವಿಗೆ ರಬ್ಬರ್ ಗಟ್ಟಿಯಾಗಿ ಸೀಳುತ್ತದೆ. ಒತ್ತಡ ಏರಿದ ರಾತ್ರಿ ಇಡೀ ಜೋಡಣೆ ಕಳಚಿ ಬೀಳುತ್ತದೆ. ಮನೆಯವರು ಎದ್ದು ನೋಡುವಷ್ಟರಲ್ಲಿ ಅಡುಗೆಮನೆ ಕೆರೆ.

ಸಿಂಕಿನ ಮೇಲೆ ಬಾಗಿದ ಕತ್ತಿನ ನಳವಿದ್ದರೆ ಅದರ ತುದಿಯ ಜಾಲರಿ ಬಿಚ್ಚಿದಾಗ ಚೂಡಿ ಕಾಣುತ್ತದೆ. ಅದಕ್ಕೆ ಹೊಂದುವ ಜೋಡಣೆ ಸಾಮಾನ್ಯವಾಗಿ 22 ಇಲ್ಲವೇ 24 ಮಿಲಿಮೀಟರ್‌ನದು. ಚೂಡಿ ನಳದ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ಅಳತೆ ಬದಲಾಗುತ್ತದೆ. ಬಿಚ್ಚಿದ ಜಾಲರಿಯನ್ನೇ ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದು ಜಾಣತನ. ಬಾಯಲ್ಲಿ ವರ್ಣಿಸಲು ಹೋದರೆ ಎರಡು ಸಲ ಬಸ್ಸಿನ ಚಾರ್ಜು.

ಎಲ್ಲಕ್ಕಿಂತ ಭದ್ರವಾದದ್ದು ಗೋಡೆಯೊಳಗಿನ ಅರ್ಧ ಇಂಚಿನ ಪೈಪಿಗೂ ನಳಕ್ಕೂ ನಡುವೆ ಹಿತ್ತಾಳೆಯ ಮೂರು ಬಾಯಿಯ ತುಂಡು ಕೂಡಿಸುವುದು. ಒಂದು ಬಾಯಿ ಗೋಡೆಗೆ, ಒಂದು ನಳಕ್ಕೆ, ಮೂರನೆಯದರಿಂದ ಫಿಲ್ಟರ್‌ಗೆ ಕಾಲು ಇಂಚಿನ ಬಿಳಿ ಪೈಪು. ಆ ಮೂರನೆಯ ಬಾಯಿಗೆ ಪ್ರತ್ಯೇಕ ಚಾವಿ ಇರಲೇಬೇಕು. ಚಾವಿ ಇಲ್ಲದ ಅಗ್ಗದ ತುಂಡೂ ಸಿಗುತ್ತದೆ. ಅದನ್ನು ಹಾಕಿಸಿಕೊಂಡರೆ ಫಿಲ್ಟರ್ ಕೆಟ್ಟ ದಿನ ಇಡೀ ಮನೆಯ ನೀರು ಬಂದ್ ಮಾಡಬೇಕಾಗುತ್ತದೆ. ಪ್ಲಾಸ್ಟಿಕ್ಕಿನದೂ ಸಿಗುತ್ತದೆ. ಗೋಡೆಯ ಬಾಯಿಗೆ ಅದು ಬೇಡ. ದಿನಕ್ಕೆ ಹತ್ತು ಸಲ ನಳ ತಿರುಗಿಸುವ ಭಾರವೆಲ್ಲ ಆ ತುಂಡಿನ ಮೇಲೆಯೇ ಬೀಳುತ್ತದೆ.

ಬಿಳಿ ಟೇಪಿನ ಗುಟ್ಟು

ಕೆಲಸ ಶುರು ಮಾಡುವ ಮೊದಲು ಟಾಕಿಯಿಂದ ಬರುವ ವಾಲ್ವ್ ಬಂದ್ ಮಾಡಿ, ನಳ ತೆರೆದು ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಬೇಕು. ಹಳೆ ನಳ ಬಿಚ್ಚಿದ ಮೇಲೆ ಚೂಡಿಯಲ್ಲಿ ಅಂಟಿದ ಹಳೆ ಟೇಪು, ಸಣಬಿನ ನಾರು, ಸುಣ್ಣ ಎಲ್ಲವನ್ನೂ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಗಟ್ಟಿ ಸುಣ್ಣಕ್ಕೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತದೆ. ಈ ಹಂತವನ್ನು ಬಿಟ್ಟು ಹಳೆ ಟೇಪಿನ ಮೇಲೆಯೇ ಹೊಸ ಟೇಪು ಸುತ್ತುವುದು ಸೋಮಾರಿಗಳ ಕೆಲಸ. ಅದು ಸೋರದೇ ಇರುವುದು ಅದೃಷ್ಟ.

ಪ್ಲಂಬರ್‌ಗಳು ಬಳಸುವ ಬಿಳಿ ಟೇಪು ಟೆಫ್ಲಾನ್. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಗೆ ಬೇರೇನೋ ಹುಡುಕುವಾಗ ಅಕಸ್ಮಾತ್ ದೊರೆತ ವಸ್ತು ಅದು. ಅದಕ್ಕೆ ಅಂಟಿನ ಗುಣವಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಟೇಪು ಎಂದು ಕರೆದರೂ ಅದು ಏನನ್ನೂ ಅಂಟಿಸದು. ಚೂಡಿಯ ಸಂದಿನಲ್ಲಿ ಒತ್ತಿಕೊಂಡು ಜಾಗ ತುಂಬುತ್ತದೆ, ಜೊತೆಗೆ ಜಾರಿಕೆ ಕೊಡುತ್ತದೆ. ಹಾಗಾಗಿ ಸೋರುವ ಜಾಗಕ್ಕೆ ಹೊರಗಿನಿಂದ ಬ್ಯಾಂಡೇಜಿನಂತೆ ಎಷ್ಟು ಸುತ್ತಿದರೂ ಫಲವಿಲ್ಲ.

ಸುತ್ತುವ ದಿಕ್ಕು ಮುಖ್ಯ. ಚೂಡಿಯ ಬಾಯಿಯನ್ನು ನಿಮ್ಮ ಮುಖದ ಕಡೆ ಹಿಡಿದುಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತಬೇಕು. ಆಗ ನಳ ತಿರುಗಿಸಿದಂತೆ ಟೇಪು ಇನ್ನಷ್ಟು ಬಿಗಿಯಾಗುತ್ತದೆ. ಉಲ್ಟಾ ಸುತ್ತಿದರೆ ತಿರುಗಿಸಿದಂತೆ ಮುದುಡಿ ಹೊರಗೆ ಬರುತ್ತದೆ. ತುದಿಯ ಮೊದಲ ಎಳೆಯನ್ನು ಖಾಲಿ ಬಿಡಬೇಕು, ಇಲ್ಲವಾದರೆ ಟೇಪಿನ ಚೂರು ನೀರಿನೊಡನೆ ಹೋಗಿ ಫಿಲ್ಟರ್‌ನ ಸಣ್ಣ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಎಳೆ ಕಾಣುವಷ್ಟು ಬಿಗಿಯಾಗಿ ಎಳೆದು ಸುತ್ತಬೇಕು. ದಪ್ಪ ಟೇಪಾದರೆ ಮೂರು ನಾಲ್ಕು ಸುತ್ತು ಸಾಕು, ಪೇಟೆಯಲ್ಲಿ ಸಿಗುವ ತೆಳು ಟೇಪಾದರೆ ಇನ್ನೂ ನಾಲ್ಕಾರು ಸುತ್ತು ಹೆಚ್ಚು ಬೇಕಾಗುತ್ತದೆ.

ಇನ್ನೊಂದು ತಪ್ಪು ಎಲ್ಲ ಕಡೆ ಕಾಣುತ್ತದೆ. ಒಳಗೆ ರಬ್ಬರ್ ವಾಷರ್ ಇರುವ ಜೋಡಣೆಗೂ ಟೇಪು ಸುತ್ತುತ್ತಾರೆ. ವಾಷರ್ ಇದ್ದಲ್ಲಿ ನೀರು ನಿಲ್ಲಿಸುವುದು ವಾಷರ್ ಮಾತ್ರ. ಟೇಪು ದಪ್ಪಗೆ ಸುತ್ತಿದರೆ ನಟ್ಟು ಪೂರ್ತಿ ಒಳಗೆ ಹೋಗುವ ಮೊದಲೇ ಗಟ್ಟಿಯಾಗಿ ನಿಲ್ಲುತ್ತದೆ, ವಾಷರ್ ಒತ್ತಿಕೊಳ್ಳುವುದೇ ಇಲ್ಲ. ಕೈಗೆ ಗಟ್ಟಿ ಅನಿಸುತ್ತದೆ, ನೀರು ಸೋರುತ್ತಲೇ ಇರುತ್ತದೆ. ಆಗ ಸಿಟ್ಟಿನಲ್ಲಿ ಪಾನಾ ಹಿಡಿದು ಇನ್ನೂ ಬಿಗಿಯುತ್ತಾರೆ. 'ಟಕ್' ಎಂದು ಸದ್ದಾಗುತ್ತದೆ. ಪ್ಲಾಸ್ಟಿಕ್ ಒಡೆದ ಸದ್ದು ಅದು.

ಹಿತ್ತಾಳೆಯ ಹೊರ ಚೂಡಿಯನ್ನು ಪ್ಲಾಸ್ಟಿಕ್ಕಿನ ಒಳ ಚೂಡಿಗೆ ಹಾಕುವಾಗಲಂತೂ ಎಚ್ಚರ ಬೇಕು. ಲೋಹದ ತುಂಡು ಬೆಣೆಯಂತೆ ಒಳಗೆ ಹೋಗಿ ಪ್ಲಾಸ್ಟಿಕ್ಕನ್ನು ಹಿಗ್ಗಿಸುತ್ತದೆ. ಬಿರುಕು ಅಂದೇ ಕಾಣದೆ ನಾಲ್ಕು ದಿನ ಕಳೆದು ಕಾಣಿಸಿಕೊಳ್ಳುವುದೂ ಉಂಟು. ಕೈಯಿಂದ ತಿರುಗಿಸಿ ಗಟ್ಟಿಯಾದ ಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಹೆಚ್ಚು ಹೋಗದಿರುವುದು ಕ್ಷೇಮ. ನಳ ಸೊಟ್ಟಗೆ ನಿಂತಿತೆಂದು ಹಿಂದಕ್ಕೆ ತಿರುಗಿಸುವಂತೆಯೂ ಇಲ್ಲ. ಹಿಂದೆ ತಿರುಗಿಸಿದರೆ ಒತ್ತಿಕೊಂಡ ಟೇಪು ಸಡಿಲಾಗುತ್ತದೆ. ಬಿಚ್ಚಿ, ಒರೆಸಿ, ಹೊಸದಾಗಿ ಸುತ್ತುವುದೇ ದಾರಿ. ಹತ್ತಿಪ್ಪತ್ತು ರೂಪಾಯಿಯ ಟೇಪಿಗೆ ಜಿಪುಣತನ ಮಾಡಬಾರದು.

ಹಳೆ ಕಾಲದ ಕೆಲಸಗಾರರು ಸಣಬಿನ ನಾರಿಗೆ 'ಸಫೇದಾ' ಮೆತ್ತಿ ಬಿಗಿಯುತ್ತಿದ್ದರು. ಕಬ್ಬಿಣದ ಪೈಪಿಗೆ ಅದು ಗಟ್ಟಿ ಕೆಲಸವೇ. ಆದರೆ ಸಫೇದಾದಲ್ಲಿ ಸೀಸ ಬೆರೆತ ಬಗೆಗಳೂ ಇವೆ. ಶುದ್ಧ ನೀರಿಗೆಂದು ಫಿಲ್ಟರ್ ತಂದು ಅದರ ಬಾಯಿಗೇ ಸೀಸ ಮೆತ್ತುವುದು ಎಲ್ಲಿಯ ನ್ಯಾಯ?

ಕಾಲು ಇಂಚಿನ ಪೈಪು

ನಳದ ಕಡೆ ಸರಿಯಾದರೂ ಫಿಲ್ಟರ್ ಕಡೆಗೆ ಹೋಗುವ ಸಣ್ಣ ಪೈಪಿನಲ್ಲಿ ಸೋರಿಕೆ ಬರುತ್ತದೆ. ಕಾರಣ ಹೆಚ್ಚಾಗಿ ಅಡುಗೆಮನೆಯ ಕತ್ತರಿ. ಕತ್ತರಿ ಪೈಪನ್ನು ಚಪ್ಪಟೆ ಮಾಡಿ, ಓರೆಯಾಗಿ ಕತ್ತರಿಸುತ್ತದೆ. ಒಳಗಿನ ರಬ್ಬರ್ ಉಂಗುರ ದುಂಡಗಿನ ಪೈಪನ್ನು ಮಾತ್ರ ಸುತ್ತಲೂ ಹಿಡಿಯಬಲ್ಲದು. ಹೊಸ ಬ್ಲೇಡಿನಲ್ಲಿ ನೆಟ್ಟಗೆ, ಒಂದೇ ಏಟಿಗೆ ಕತ್ತರಿಸಬೇಕು. ತುದಿಯಲ್ಲಿ ಗೀರು ಇದ್ದರೆ ಆ ಭಾಗ ಬಿಟ್ಟು ಮುಂದೆ ಕತ್ತರಿಸಬೇಕು.

ಒತ್ತಿ ಕೂಡಿಸುವ ಜೋಡಣೆಯಲ್ಲಿ ಪೈಪು ಎರಡು ಕಡೆ ತಡೆಯುತ್ತದೆ. ಮೊದಲ ತಡೆ ಹಲ್ಲಿನ ಉಂಗುರದ್ದು, ಎರಡನೆಯದು ರಬ್ಬರ್ ಉಂಗುರದ್ದು. ಮೊದಲ ತಡೆಗೇ 'ಆಯ್ತು' ಎಂದು ಬಿಟ್ಟವರ ಮನೆಯಲ್ಲಿ ಪೈಪು ಕೈಗೆ ಬಿಗಿಯಾಗಿ ಕಾಣುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ ಹೋಗಬೇಕು. ಮೊದಲೇ ಪೆನ್ನಿನಲ್ಲಿ ಗುರುತು ಹಾಕಿಕೊಂಡರೆ ಗೊತ್ತಾಗುತ್ತದೆ. ಒಮ್ಮೆ ಹಿಂದಕ್ಕೆ ಎಳೆದು ನೋಡಿ, ಬಣ್ಣದ ಸಣ್ಣ ಕ್ಲಿಪ್ಪು ಇದ್ದರೆ ಅದನ್ನು ಸಿಕ್ಕಿಸಬೇಕು. ಈ ಕ್ಲಿಪ್ಪುಗಳು ಡಬ್ಬಿಯ ತಳದಲ್ಲಿ ಸಣ್ಣ ಚೀಟಿಯೊಳಗೆ ಇರುತ್ತವೆ. ಬಹಳ ಮನೆಗಳಲ್ಲಿ ಅವು ಡಬ್ಬಿಯ ಜೊತೆಗೇ ಅಟ್ಟ ಸೇರಿರುತ್ತವೆ.

ಪೈಪನ್ನು ತಂತಿಯಂತೆ ಬಿಗಿಯಾಗಿ ಎಳೆದು ಕಟ್ಟಬಾರದು, ಸ್ವಲ್ಪ ಸಡಿಲು ಇರಬೇಕು. ಜೋಡಣೆಯ ಹತ್ತಿರವೇ ಬಾಗಿಸಿದರೆ ಒಂದು ಪಕ್ಕ ಒತ್ತಿ ಇನ್ನೊಂದು ಪಕ್ಕ ಬಾಯಿ ಬಿಡುತ್ತದೆ. ಮತ್ತೆ ಇಲಿ ಕಾಟ. ಸಿಂಕಿನ ಕೆಳಗಿನ ಪೈಪು ಇಲಿಗೆ ಸಲೀಸು. ಎರಡು ಹಲ್ಲಿನ ಗುರುತು ಇದ್ದರೆ ಮೆಕ್ಯಾನಿಕ್‌ನನ್ನು ಬಯ್ಯುವುದರಲ್ಲಿ ಅರ್ಥವಿಲ್ಲ.

ರಾತ್ರಿಯೇ ಏಕೆ ಸೋರುತ್ತದೆ?

"ಹಗಲು ನೋಡಿದ್ರ ಏನೂ ಇಲ್ಲ, ಮುಂಜಾನಿ ಎದ್ರ ನೀರು" ಎಂಬ ದೂರು ಸಾಮಾನ್ಯ. ದೆವ್ವದ ಕೆಲಸವೇನಲ್ಲ. ಬಳಕೆ ನಿಂತ ಮೇಲೆ ಕೊಳವೆಯ ಒತ್ತಡ ಏರುತ್ತದೆ. ಮನೆಯ ಮೇಲಿನ ಟಾಕಿಯ ನೀರಾದರೆ ಒತ್ತಡ ಹೆಚ್ಚೇನಿಲ್ಲ. ನಳಕ್ಕಿಂತ 10 ಅಡಿ ಮೇಲೆ ಟಾಕಿ ಇದ್ದರೆ ಸಿಗುವುದು ಚದರ ಇಂಚಿಗೆ ನಾಲ್ಕೂಕಾಲು ಪೌಂಡಿನಷ್ಟು ಮಾತ್ರ. ಅದಕ್ಕೂ ಸೋರಿದರೆ ತಪ್ಪು ಕೈಕೆಲಸದ್ದೇ. ಊರಿನ ಲೈನಿಗೆ ನೇರ ಜೋಡಿಸಿದ ಮನೆಯ ಕಥೆ ಬೇರೆ. ನೀರು ಬಿಡುವ ಹೊತ್ತಿಗೆ ಮೊದಲು ಗಾಳಿ ಬುಸುಗುಟ್ಟುತ್ತ ಬರುತ್ತದೆ, ಹಿಂದೆಯೇ ನೀರು ಧಡ್ ಎಂದು ಬಡಿಯುತ್ತದೆ. ಆ ಹೊಡೆತ ಜೋಡಣೆಗಳನ್ನು ದಿನಾ ಅಲ್ಲಾಡಿಸುತ್ತದೆ. ಪೈಪು ದುರಸ್ತಿಯಾದ ದಿನ ಕೆಸರೂ ಬರುತ್ತದೆ. ಫಿಲ್ಟರನ್ನು ಟಾಕಿಯ ನೀರಿಗೆ ಜೋಡಿಸುವುದೇ ವಾಸಿ. ಒತ್ತಡದ ಪಂಪು ಕೂಡಿಸಿಕೊಂಡ ಮನೆಗಳಲ್ಲಿ ಫಿಲ್ಟರ್‌ಗೆ ಮುಂಚೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಬೇಕು. ಎಷ್ಟು ಒತ್ತಡ ತಡೆಯುತ್ತದೆ ಎಂಬುದು ಪುಸ್ತಿಕೆಯ ಕೊನೆಯ ಪುಟದ ಕೋಷ್ಟಕದಲ್ಲಿ ಇರುತ್ತದೆ.

ಮನೆಗೆ ಬೀಗ ಹಾಕಿ ಹೈದರಾಬಾದ್, ಪುಣೆ, ಮುಂಬೈ ಕಡೆ ದುಡಿಯಲು ಹೋಗುವ ಕುಟುಂಬಗಳು ಈ ಸೀಮೆಯಲ್ಲಿ ಕಡಿಮೆಯಲ್ಲ. ಮದುವೆ, ಜಾತ್ರೆಗೆಂದು ನಾಲ್ಕು ದಿನ ಗಡಿ ದಾಟುವವರಂತೂ ಎಲ್ಲರೂ. ಹೊರಡುವಾಗ ಗ್ಯಾಸು ಬಂದ್ ಮಾಡಿದಂತೆಯೇ ಫಿಲ್ಟರ್‌ನ ಚಾವಿಯನ್ನೂ ಬಂದ್ ಮಾಡಿ, ಸ್ವಿಚ್ಚು ಆರಿಸಬೇಕು.

ನೀರಿಗಿಂತ ಕರೆಂಟಿನ ಭಯ

ಫಿಲ್ಟರ್‌ನ ಸೋರಿಕೆಯಲ್ಲಿ ಜೀವಕ್ಕೆ ಅಪಾಯ ತರುವುದು ವಿದ್ಯುತ್. ಯಂತ್ರದ ವೈರು ನೇರವಾಗಿ ಕೆಳಗಿನ ಪ್ಲಗ್ಗಿಗೆ ಇಳಿದಿದ್ದರೆ ಸೋರಿದ ಹನಿ ವೈರು ಹಿಡಿದು ಸೀದಾ ಪ್ಲಗ್ಗಿನೊಳಗೆ ಹೋಗುತ್ತದೆ. ಪ್ಲಗ್ಗು ನೀರಿನ ಜೋಡಣೆಯ ಕೆಳಗೆ ಇರಬಾರದು, ಪಕ್ಕಕ್ಕೆ, ಎತ್ತರದಲ್ಲಿರಬೇಕು. ವೈರು ಒಮ್ಮೆ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ಗು ಸೇರುವಂತೆ ಬಿಟ್ಟರೆ ಹನಿ ಆ ತಗ್ಗಿನಲ್ಲೇ ಉದುರುತ್ತದೆ. ಒದ್ದೆ ಕಂಡ ಕೂಡಲೇ ಮೊದಲು ಸ್ವಿಚ್ಚು, ಆಮೇಲೆ ನಳ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರದ ಮುಚ್ಚಳ ಬಿಚ್ಚುವ ಸಾಹಸ ಬೇಡ. ಮನೆಗೆ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿ, 30 ಮಿಲಿಆಂಪಿಯರ್‌ನ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿದರೆ ಮಕ್ಕಳಿರುವ ಮನೆಗೆ ನಿಶ್ಚಿಂತೆ.

ಕಾಣುವ ನೀರೆಲ್ಲ ಜೋಡಣೆಯ ಸೋರಿಕೆಯೂ ಅಲ್ಲ. ಆರ್‌ಒ ಯಂತ್ರ ಉಪ್ಪಿನ ನೀರನ್ನು ಹೊರಹಾಕುವ ಪೈಪು ಸಿಂಕಿನಿಂದ ಜಾರಿದರೆ ಅದೂ ನೆಲಕ್ಕೇ. ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಹಾಕುವ ಯಂತ್ರಗಳು ಈಗಲೂ ಬಳಕೆಯಲ್ಲಿವೆ. ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸುವವರಿದ್ದಾರೆ, ಒಳ್ಳೆಯ ರೂಢಿ. ಉಪ್ಪು ಹೆಚ್ಚಿರುವುದರಿಂದ ಗಿಡಗಳಿಗೆ ದಿನವೂ ಹಾಕುವುದು ಬೇಡ. ನೀರು ಉಳಿಯಲಿ ಎಂದು ಆ ಪೈಪನ್ನು ಮಡಚಿ ಕಟ್ಟುವವರೂ ಇದ್ದಾರೆ. ಅದರಿಂದ ಒಳಗಿನ ಪೊರೆಗೇ ಉಪ್ಪು ಕಟ್ಟಿ ಯಂತ್ರ ಕೆಡುತ್ತದೆ.

ಕಾಣದ ಸೋರಿಕೆ

ನೆಲಕ್ಕೆ ಬೀಳುವ ಹನಿ ಕಣ್ಣಿಗಾದರೂ ಕಾಣುತ್ತದೆ. ಕಣ್ಣಿಗೆ ಬೀಳದೆ ಒಳಗೇ ಆಗುವ ಸೋರಿಕೆಯಿಂದ ಕಾಯಿಲೆ ಬರುತ್ತದೆ. ಅಜ್ಜಿಯ ಕಾಲದ ಸ್ಟೀಲ್ ಫಿಲ್ಟರ್ ಇನ್ನೂ ಅನೇಕ ಮನೆಗಳಲ್ಲಿದೆ. ಮೇಲಿನ ಪಾತ್ರೆಯಲ್ಲಿ ಬಿಳಿ ಕ್ಯಾಂಡಲ್, ಕೆಳಗಿನದರಲ್ಲಿ ಸೋಸಿದ ನೀರು. ಕ್ಯಾಂಡಲ್‌ನ ಬುಡದ ವಾಷರ್ ಸವೆದಿದ್ದರೆ ಮೇಲಿನ ನೀರು ಕ್ಯಾಂಡಲ್‌ನೊಳಗೆ ಹೋಗದೆ ಪಕ್ಕದ ತೂತಿನಿಂದ ಹಾಗೇ ಕೆಳಗಿಳಿಯುತ್ತದೆ. ಪಾತ್ರೆ ತುಂಬಿರುತ್ತದೆ, ನೀರು ತಿಳಿಯಾಗಿಯೂ ಕಾಣುತ್ತದೆ, ಆದರೆ ಸೋಸಿದ ನೀರಲ್ಲ. ದಿನಾ ರಾತ್ರಿಯಿಡೀ ತುಂಬುತ್ತಿದ್ದ ಪಾತ್ರೆ ಒಮ್ಮೆಲೇ ಎರಡು ತಾಸಿನಲ್ಲಿ ತುಂಬಿದರೆ ಖುಷಿ ಪಡದೆ ಕ್ಯಾಂಡಲ್ ಬಿರುಕು ಬಿಟ್ಟಿದೆಯೇ, ವಾಷರ್ ಸರಿದಿದೆಯೇ ಎಂದು ನೋಡಬೇಕು. ಯಂತ್ರದ ಫಿಲ್ಟರ್‌ಗಳಲ್ಲಿ ಕಾರ್ಟ್ರಿಜ್ ಬದಲಿಸಿದಾಗ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಕೂರದಿದ್ದರೂ ಇದೇ ಗತಿ.

ಬೀದಿಯ ಚರಂಡಿಯೊಳಗಿಂದ ಹಾದು ಬರುವ ಮನೆಯ ಪೈಪು ಇನ್ನೂ ಅಪಾಯದ್ದು. ನೀರು ಬಿಟ್ಟಾಗ ಅಲ್ಲಿಯ ಸಂದಿನಿಂದ ನೀರು ಹೊರಗೆ ಹೋಗುತ್ತದೆ, ಅಷ್ಟೇ. ನೀರು ನಿಂತು ಪೈಪು ಖಾಲಿಯಾದಾಗ ಅದೇ ಸಂದಿನಿಂದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ನೀರು ಅದೇ. ಮಳೆಗಾಲದಲ್ಲಿ ವಾಂತಿ ಭೇದಿ, ಟೈಫಾಯಿಡ್ ಹರಡುವ ದಾರಿಗಳಲ್ಲಿ ಇದೂ ಒಂದು. ಅಡುಗೆಮನೆಯ ಹನಿಗೆ ಇಷ್ಟು ತಲೆ ಕೆಡಿಸಿಕೊಳ್ಳುವವರು ಬಾಗಿಲಾಚೆಯ ಆ ಜೋಡಣೆಯನ್ನು ಬಗ್ಗಿ ನೋಡುವುದು ಅಪರೂಪ. ಊರಿನ ಲೈನಿಗೆ ನೇರ ಮೋಟರ್ ಕೂಡಿಸಿ ಎಳೆಯುವ ಚಾಳಿ ಇದ್ದಲ್ಲಿ ಈ ಎಳೆತ ಇನ್ನೂ ಹೆಚ್ಚು. ಎಳೆದುಕೊಂಡವರ ಮನೆಗಷ್ಟೇ ಅಲ್ಲ, ಪಕ್ಕದ ಮನೆಗೂ ಆ ನೀರು ಹೋಗುತ್ತದೆ.

ಪೇಪರ್ ಪರೀಕ್ಷೆ

ಜೋಡಣೆ ಮುಗಿದ ಮೇಲೆ ಪರೀಕ್ಷಿಸಲು ದುಬಾರಿ ಸಾಧನ ಬೇಡ, ನಿನ್ನೆಯ ದಿನಪತ್ರಿಕೆ ಸಾಕು. ಪ್ರತಿ ಜೋಡಣೆಯನ್ನು ಒಣ ಬಟ್ಟೆಯಿಂದ ಒರೆಸಿ, ನೀರು ನಿಧಾನವಾಗಿ ಬಿಟ್ಟು, ಕೆಳಗೆ ಪೇಪರ್ ಹಾಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಒಂದು ಹನಿ ಬಿದ್ದಿದ್ದರೂ ಪೇಪರ್ ಮುದುಡಿ ತೋರಿಸುತ್ತದೆ. ಹನಿ ಬಿದ್ದ ಜಾಗದ ನೇರ ಮೇಲೆಯೇ ಸೋರಿಕೆ ಇರಬೇಕೆಂದಿಲ್ಲ. ನೀರು ಪೈಪಿನ ಹೊರಮೈ ಹಿಡಿದು ಮೊಳ ದೂರ ಹರಿದು ಬೀಳುತ್ತದೆ. ಅನುಮಾನ ಬಂದ ಜೋಡಣೆಗೆ ಮುಖಕ್ಕೆ ಹಚ್ಚುವ ಪೌಡರ್ ಸ್ವಲ್ಪ ಉದುರಿಸಿದರೆ ನೀರಿನ ಗೆರೆ ಎಲ್ಲಿಂದ ಹೊರಟಿತೆಂದು ಗೊತ್ತಾಗುತ್ತದೆ. ಯಾವಾಗಲೂ ಎಲ್ಲಕ್ಕಿಂತ ಮೇಲಿನ ಒದ್ದೆಯಿಂದ ಹುಡುಕಲು ಶುರು ಮಾಡಬೇಕು.

ಸೋರುವ ಸಂದಿಗೆ ಎಪಾಕ್ಸಿ ಮುದ್ದೆ ಮೆತ್ತುವುದು ಹಲವರ ಮನೆಮದ್ದು. ಒದ್ದೆ ಮೇಲೆ ಮೆತ್ತಿದರೆ ಅದು ಸರಿಯಾಗಿ ಹಿಡಿಯದು. ಹಿಡಿದರೂ ಮುಂದೊಮ್ಮೆ ವಾಷರ್ ಬದಲಿಸಬೇಕಾದಾಗ ಇಡೀ ತುಂಡನ್ನೇ ಒಡೆದು ತೆಗೆಯಬೇಕು.

ಹೊಸ ಜೋಡಣೆಯನ್ನು ವಾರದ ನಂತರ ಮತ್ತೊಮ್ಮೆ ಕೈಯಾಡಿಸಿ ನೋಡಬೇಕು. ರಬ್ಬರ್ ವಾಷರ್ ಒತ್ತಿಕೊಂಡು ನಟ್ಟು ತುಸು ಸಡಿಲಾಗಿರುತ್ತದೆ, ಕೈಯಿಂದ ಕಾಲು ಸುತ್ತು ಸಾಕು. ಬಿಚ್ಚಿದ ಹಳೆ ವಾಷರ್ ಬಿಸಾಡದೆ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಫಿಲ್ಟರ್ ಮೇಲೆಯೇ ಇಟ್ಟಿರಬೇಕು. ಮುಂದಿನ ಸಲ ತಾಂಡೂರಿಗೆ ಹೋದಾಗ ಅಂಗಡಿಯವರ ಮುಂದೆ ಅದನ್ನು ತೆಗೆದಿಟ್ಟು "ಇಂಥಾದ್ದೇ ಎರಡು ಕೊಡ್ರಿ" ಎಂದರೆ ಯಾವ ಭಾಷೆಯ ತೊಡಕೂ ಇಲ್ಲ.